ಕೋಳಿಯ ಮೇವಿನ ಚೀಲ ಕಟ್ಟಿದರೆ: ಎಣ್ಣೆಯೋ, ಔಷಧವೋ, ಕೊಯ್ಯಿಸುವುದೋ?

ಮೊದಲು ಬೆಳಿಗ್ಗೆ ಗೂಡು ತೆಗೆದ ಕೂಡಲೇ, ಕಾಳು ಹಾಕುವ ಮುಂಚೆ, ಕೋಳಿಯ ಕತ್ತಿನ ಬುಡದಲ್ಲಿ ತಿಂದ ಮೇವು ನಿಲ್ಲುವ ಚೀಲವನ್ನು ಮುಟ್ಟಿ ನೋಡಿ. ರಾತ್ರಿ ಕಳೆಯುವಷ್ಟರಲ್ಲಿ ಚೀಲ ಖಾಲಿಯಾಗಿರಬೇಕು. ಗಟ್ಟಿ ಉಂಡೆ ಸಿಕ್ಕರೆ ಮೇವು ಕಟ್ಟಿದೆ. ನೀರು ತುಂಬಿದ ಬಲೂನಿನಂತೆ ಮೆತ್ತಗಿದ್ದು ಬಾಯಿ ಹುಳಿ ನಾತ ಹೊಡೆದರೆ ಒಳಗೆ ಬೂಸ್ಟು ಬೆಳೆದಿದೆ. ಆಯ್ಕೆ ನಿಂತಿರುವುದೇ ಇದರ ಮೇಲೆ.

ಖರ್ಚಿನಲ್ಲಿ ಎಣ್ಣೆಗೆ ಸಾಟಿಯಿಲ್ಲ. ಒಂದು ದಿನ ಕಾಳು ನಿಲ್ಲಿಸಿ, ನೀರು ಮಾತ್ರ ಇಡಿ. 2–3 ಮಿಲಿ ಕೊಬ್ಬರಿ ಎಣ್ಣೆಯನ್ನು ಕೊಕ್ಕಿನ ಬದಿಯಿಂದ ಹನಿಹನಿಯಾಗಿ ಬಿಟ್ಟು, ದಿನಕ್ಕೆ ಮೂರ್ನಾಲ್ಕು ಸಲ ಐದೈದು ನಿಮಿಷ ಉಂಡೆಯನ್ನು ಮೆಲ್ಲಗೆ ಹಿಚುಕಿ ಸಡಿಲಿಸಿ. ಹೊಸದಾಗಿ ಕಟ್ಟಿದ್ದಕ್ಕೆ ಇದೇ ಸರಿ. ತಲೆಕೆಳಗೆ ಹಿಡಿದು ಕಕ್ಕಿಸಲೇಬೇಡಿ, ದ್ರವ ಶ್ವಾಸನಾಳಕ್ಕೆ ಹೋಗಿ ಕೋಳಿ ಕೈಯಲ್ಲೇ ಸಾಯಬಹುದು.

ಹುಳಿ ನಾತಕ್ಕೆ ಎಣ್ಣೆ ದಂಡ. ನಿಸ್ಟಾಟಿನ್‌ನಂಥ ಶಿಲೀಂಧ್ರನಾಶಕ ಬೇಕು. ಪ್ರಮಾಣ ತೂಕದ ಮೇಲೆ ಹೋಗುವುದರಿಂದ ಪಶುವೈದ್ಯರನ್ನೇ ಕೇಳಿ. ಮೊಟ್ಟೆ ಯಾವಾಗ ತಿನ್ನಬಹುದೆಂದೂ ಕೇಳಿಕೊಳ್ಳಿ.

ಎರಡು ದಿನ ತಿಕ್ಕಿದರೂ ಉಂಡೆ ಅಲ್ಲಾಡದಿದ್ದರೆ ಕೊಯ್ದು ತೆಗೆಸುವುದೇ ದಾರಿ. ಖರ್ಚು, ಆರೈಕೆ ಎರಡೂ ಹೆಚ್ಚು, ಆದರೆ ಕರಡದ (ಒಣಹುಲ್ಲಿನ) ಎಳೆ ಹೆಣೆದುಕೊಂಡಿದ್ದರೆ ಬೇರೆ ಉಪಾಯವಿಲ್ಲ. ಕೋಳಿ ಪೂರ್ತಿ ಸೊರಗುವ ಮೊದಲೇ ಒಯ್ಯಿರಿ. ಮನೆಯಲ್ಲಿ ಬ್ಲೇಡು ಹಿಡಿಯಬೇಡಿ.

ಚೀಲ ಜೋತುಬಿದ್ದೇ ಹೋಗಿದ್ದರೆ ಮೂರೂ ಪೂರ್ತಿ ಗುಣ ಕೊಡುವುದಿಲ್ಲ.

ಮೇವು ಕಟ್ಟದಿರಬೇಕೆಂದರೆ, ಶಿರಸಿ ಕಡೆ ತೋಟದ ಉದ್ದ ಹುಲ್ಲು ಕೊಯ್ದು ಹಾಕುವವರು ಬೆರಳುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ. ಕಾರವಾರದವರು ಕಡಲ ಚಿಪ್ಪಿನ ಪುಡಿ ಹಾಕಿದರೆ ಸಾಕೆಂದುಕೊಳ್ಳುತ್ತಾರೆ. ಅದು ಹೊಟ್ಟೆಯಲ್ಲಿ ಕರಗುತ್ತದೆ, ಮೇವು ಅರೆಯಲು ಗಟ್ಟಿ ಹರಳುಕಲ್ಲೇ ಬೇಕು.