ಸಿಜೆಡ್ 457 ವಾರ್ಮಿಂಟ್: 40 ಗ್ರೇನ್‌ಗೆಂದೇ ಹುಟ್ಟಿದ ನಳಿಗೆ

ಕೋಲಾರ, ತುಮಕೂರು ಕಡೆ ಬೆಳೆ ಕಾಯಲು ಇಟ್ಟುಕೊಳ್ಳುವ ಒಂಟಿನಳಿಗೆ, ಜೋಡುನಳಿಗೆ ಬಂದೂಕುಗಳ ಒಳಮೈ ನುಣುಪು. ಅಲ್ಲಿ ಟ್ವಿಸ್ಟ್, ಅಂದರೆ ಗುಂಡು ನೆಟ್ಟಗೆ ಹೋಗುವಂತೆ ಅದನ್ನು ತಿರುಗಿಸುವ ಸುರುಳಿ ಗೀರುಗಳ ಬಿಗಿಯ ಮಾತೇ ಏಳುವುದಿಲ್ಲ. ಲೈಸೆನ್ಸ್ ಮಾಡಿಸಿ ಶೂಟಿಂಗ್ ಕ್ಲಬ್‌ನಲ್ಲಿ 50 ಮೀಟರ್ ಹೊಡೆಯಲು ಪಾಯಿಂಟ್ 22 (ಸುಮಾರು 0.22 ಇಂಚು ವ್ಯಾಸದ ಗುಂಡಿನ) ರೈಫಲ್ ಹುಡುಕುವವರು ಮಾತ್ರ ಮೊದಲು ಅದನ್ನೇ ಕೇಳಬೇಕು.

ಜೆಕ್ ದೇಶದ ಸಿಜೆಡ್ 457 ವಾರ್ಮಿಂಟ್ ಅಂಥದೊಂದು ರೈಫಲ್, ಇದರ ಟ್ವಿಸ್ಟ್ 1:16. ಗುಂಡು 16 ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ. ಸೆಕೆಂಡಿಗೆ 1,070 ಅಡಿ ವೇಗವಿದ್ದರೆ ನಿಮಿಷಕ್ಕೆ ಸುಮಾರು 48,000 ಸುತ್ತು. ತೋಟಾ ತುಂಬಲು ಎತ್ತಿ ಎಳೆಯುವ ಬೋಲ್ಟ್ ಅನ್ನು 60 ಡಿಗ್ರಿ ಎತ್ತಿದರೆ ಸಾಕು, ಸ್ಕೋಪಿಗೆ ಕೈ ತಾಗದು. ಟ್ರಿಗರ್ ಹೊಂದಿಸಿಕೊಳ್ಳಬಹುದು. ಆ ವಿಷಯದಲ್ಲಿ ತಕರಾರಿಲ್ಲ.

ಎಲ್ಲರೂ ಗುಂಡಿನ ತೂಕ ಕೇಳುತ್ತಾರೆ, ಅದನ್ನು ಅಳೆಯುವ ಮಾನವೇ ಗ್ರೇನ್. ಟ್ವಿಸ್ಟ್ ನಿರ್ಧಾರವಾಗುವುದು ಉದ್ದದ ಮೇಲೆ. ಬ್ರಿಟಿಷ್ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಲೆಕ್ಕ ಸರಳ: 150ನ್ನು ವ್ಯಾಸದ ವರ್ಗದಿಂದ ಗುಣಿಸಿ, ಉದ್ದದಿಂದ ಭಾಗಿಸಿ. 0.224 ಇಂಚು ವ್ಯಾಸ, ಸುಮಾರು 0.45 ಇಂಚು ಉದ್ದದ 40 ಗ್ರೇನ್ ಸೀಸದ ಗುಂಡಿಗೆ 16.7 ಇಂಚಿಗೆ ಒಂದು ಸುತ್ತು ಎಂದು ಬರುತ್ತದೆ. 1:16 ಅದಕ್ಕಿಂತ ತುಸು ಬಿಗಿ, ಸರಿಹೋಯಿತು. ಇದಕ್ಕಿಂತ ಹಗುರದ ಗಿಡ್ಡ ಗುಂಡೂ ನೆಟ್ಟಗೆ ಹೋಗುತ್ತದೆ. 60 ಗ್ರೇನ್‌ನ ಉದ್ದನೆಯ ಗುಂಡು ಹಾಕಿದರೆ ಕೆಡುತ್ತದೆ: ಸುತ್ತು ಸಾಲದೆ ಅಡ್ಡಡ್ಡ ಹೊರಳಿ, ಪೇಪರ್ ಮೇಲೆ ದುಂಡು ತೂತಿನ ಬದಲು ಬೀಗದ ಕಿಂಡಿಯಂಥ ಉದ್ದ ಸೀಳು, ಅಂಚಿಗೆ ಸೀಸದ ಕಪ್ಪು. ಅದಕ್ಕೆ ಬೇಕಿರುವುದು 1:9ರ ಆಸುಪಾಸು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು, ಗುಂಡಿಗೆ ಒಂದಿಷ್ಟು ಅನುಕೂಲ ನಿಜ. ಆದರೆ ಇಷ್ಟು ದೊಡ್ಡ ಕೊರತೆಯನ್ನು ಅದು ತುಂಬದು.

  

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಟ್ವಿಸ್ಟ್ ಅಳೆದೇ ನೋಡಬೇಕು. ಬಂದೂಕು ಖಾಲಿಯೆಂದು ಖಾತ್ರಿ ಮಾಡಿಕೊಂಡು ಬೋಲ್ಟ್ ತೆಗೆಯಿರಿ. ಹಿಡಿ ಸಲೀಸಾಗಿ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ, ರಾಡಿನ ಮೇಲೆ ಗುರುತು ಹಾಕಿ ತಳ್ಳಿ. ಗುರುತು ಒಂದು ಸುತ್ತು ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಹೋಯಿತೋ ಅದೇ ಟ್ವಿಸ್ಟ್. ಬಟ್ಟೆ ಸಡಿಲವಿದ್ದರೆ ಗೀರುಗಳ ಮೇಲೆ ಜಾರಿ ಸುಳ್ಳು ಅಳತೆ ಕೊಡುತ್ತದೆ.

ಈ ನಳಿಗೆ 1:16 ಆದ್ದರಿಂದ ತೂಕ ಬದಲಿಸುವ ಆಸೆ ಬಿಟ್ಟು, 40 ಗ್ರೇನ್‌ನಲ್ಲೇ ಬೇರೆ ಬೇರೆ ಬ್ರ್ಯಾಂಡ್, ಬೇರೆ ಲಾಟ್ (ಒಂದೇ ಸಲ ತಯಾರಾದ ಕಂತು) ಹೊಡೆದು ನೋಡಿ. ಮೇಣದ ಲೇಪ ಒಂದೊಂದು ಕಂಪನಿಯದು ಒಂದೊಂದು ಥರ. ಹಾಗಾಗಿ ಬ್ರ್ಯಾಂಡ್ ಬದಲಿಸಿದಾಗ, ಹೊಸ ಲೇಪ ನಳಿಗೆಗೆ ಹಿಡಿಯುವವರೆಗಿನ ಮೊದಲ ಹತ್ತು ಗುಂಡು ಲೆಕ್ಕಕ್ಕಿಲ್ಲ. ಆಮೇಲೆ ಐದೈದು ಗುಂಡಿನ ಐದು ಗುಂಪು ಹೊಡೆದು ಹೋಲಿಸಿ. ಶಬ್ದಕ್ಕಿಂತ ನಿಧಾನದ ತೋಟಾ ಕೊಳ್ಳಿ: ಆಷಾಢದ ಅಡ್ಡಗಾಳಿಗೆ ಹೈ ವೆಲಾಸಿಟಿ (ಹೆಚ್ಚು ವೇಗದ) ಗುಂಡೇ ಹೆಚ್ಚು ಸರಿಯುತ್ತದೆ. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಇರುವುದೇ 10.4 ಮಿಲಿಮೀಟರ್.

ಈ ರೈಫಲ್‌ನ ನಳಿಗೆ ಕಳಚಿ ಬೇರೆ ಕೂರಿಸಬಹುದು, ಕೆಲಸ ಸುಲಭವೇ. ಆದರೆ ನಮ್ಮಲ್ಲಿ ನಳಿಗೆಗೂ ಲೈಸೆನ್ಸ್ ಬೇಕು. ಮೊದಲು ಡಿಸಿ ಕಚೇರಿಯಲ್ಲಿ ವಿಚಾರಿಸಿಕೊಂಡೇ ಹಣ ಕಟ್ಟಿ.