ರೀಮ್ಯಾಪ್ ಮೊದಲಾ, ಟೈರು-ಬ್ರೇಕು ಮೊದಲಾ?

ದುಡ್ಡು ಒಂದೇ ಕೆಲಸಕ್ಕೆ ಸಾಕಾಗುತ್ತೆ, ಕಾರು ಪೋಲೋ ಟಿಎಸ್‌ಐ ಥರದ ಟರ್ಬೊ ಪೆಟ್ರೋಲ್, ಓಡಾಟ ಜಾಸ್ತಿ ಮಡಿಕೇರಿ-ಸಂಪಾಜೆ ಘಾಟಿಯಲ್ಲಿ. ಹಾಗಿದ್ದರೆ ನನ್ನ ಓಟು ಟೈರು-ಬ್ರೇಕಿಗೆ.

ಎಂಜಿನ್ ಪವರ್ ಹೆಚ್ಚಿಸುವ ರೀಮ್ಯಾಪ್ ಕೆಟ್ಟದ್ದೇನಲ್ಲ. ಇಸಿಯು ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಟರ್ಬೊ ಬೂಸ್ಟ್ (ಟರ್ಬೊ ಎಂಜಿನ್ನಿಗೆ ಗಾಳಿ ತುಂಬುವ ಒತ್ತಡ), ಪೆಟ್ರೋಲ್ ಪ್ರಮಾಣ, ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತಿಸುವ ಸಮಯ) ಎಲ್ಲ ಹೊಸದಾಗಿ ಹೊಂದಿಸುತ್ತಾರೆ, ಕುಶಾಲನಗರ ದಾಟಿ ಮೈಸೂರು ಕಡೆ ಹೋಗುವಾಗ ಲಾರಿ ಹಿಂದೆ ಹಾಕೋಕೆ ಕಾಲಿಟ್ಟರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ಟರ್ಬೊ ಇಲ್ಲದ ಕಾರಿಗೆ ಮಾತ್ರ ಸುಮ್ನೆ ದಂಡ. ಟರ್ಬೊ ಕಾರಿನಲ್ಲೂ ರೀಮ್ಯಾಪ್ ಆದಮೇಲೆ ಕ್ಲಚ್ ಮೇಲೆ ಭಾರ ಜಾಸ್ತಿ, ವಾರಂಟಿಗೂ ಕುತ್ತು.

ಆದರೆ ಘಾಟಿ ಇಳಿಯುವಾಗ ಪವರ್ ಯಾರಿಗೆ ಬೇಕು? ತಿರುವು ತಿರುವಿಗೂ ಬ್ರೇಕ್ ಒತ್ತಿ ಒತ್ತಿ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತೆ, ಆಮೇಲೆ ಪೆಡಲ್ ಮೆತ್ತಗಾಗಿ ಒಳಗೆ ಇಳಿಯುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ನಮ್ಮೂರ ಮಳೆಗಾಲದ ತೇವ ಗೊತ್ತಲ್ವಾ? ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಆಯಿಲಿಗೆ ಆ ಮಿತಿ 155. ಕುದಿದರೆ ಪೈಪಿನಲ್ಲಿ ಗುಳ್ಳೆ, ಗುಳ್ಳೆ ಇದ್ದರೆ ಬ್ರೇಕ್ ಇಲ್ಲ. ಹೊಸ ಆಯಿಲ್, ಒಳ್ಳೆ ಪ್ಯಾಡ್, ಒದ್ದೆ ರಸ್ತೆಯಲ್ಲಿ ಹಿಡಿತ ಇರುವ ಟೈರು ಹಾಕಿಸಿ. ಆಮೇಲೂ ಇಳಿಜಾರಲ್ಲಿ ಎರಡನೇ ಗೇರ್ ಬಿಡಬೇಡಿ.

ಟೈರಿನ ಜೊತೆ ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗೂ ಹಾಕಿಸೋಣ ಅಂತ ಗ್ಯಾರೇಜಿನವರು ಆಸೆ ತೋರಿಸಬಹುದು. ಮನೆ ಕಾಫಿ ತೋಟದೊಳಗಿದ್ದರೆ ಬೇಡ, ಗೇಟು ದಾಟಿದ ಮೊದಲ ಕಲ್ಲಿಗೇ ಎಂಜಿನ್ ಕೆಳಗಿನ ಆಯಿಲ್ ಸಂಪ್ ಹೊಡೆಸಿಕೊಳ್ಳುತ್ತೀರಿ.