ಔಷಧಿ ಹೊಡೆದ ಹೊಲಕ್ಕೆ ಕೂಲಿಗೆ ಇಳಿಯುವ ಮುನ್ನ

ನಮ್ಮಮ್ಮ ಬೇರೆಯವರ ಹೊಲಕ್ಕೆ ಕಾಯಿ ಬಿಡಿಸಲು ಹೋಗಿದ್ದರು. ಅವತ್ತು ಬೆಳಗ್ಗೆಯೇ ಅಲ್ಲಿ ಕೀಟನಾಶಕ ಹೊಡೆದಿದ್ದರು. ಕೂಲಿಯವರಿಗೆ ಯಾರೂ ಹೇಳಲಿಲ್ಲ. ಬದುವಿನ ಮೇಲೆ ಒಂದು ಬೋರ್ಡೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಮ್ಮನಿಗೆ ತಲೆಸುತ್ತು, ವಾಂತಿ, ಮೈತುಂಬ ಬೆವರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಆಸ್ಪತ್ರೆಗೆ ಹೋದ ಕೂಡಲೇ ಡಾಕ್ಟರ್ ಕೇಳಿದ್ದು ಒಂದೇ: "ಯಾವ ಔಷಧಿ ಹೊಡೆದಿದ್ರು?" ಹೊಲದವರು ತಂದು ತೋರಿಸಿದ್ದು ಕುಡಿಯುವ ನೀರಿನ ಬಾಟಲಿ! ಮಾರಿದವರು ದೊಡ್ಡ ಕ್ಯಾನಿನಿಂದ ಅದಕ್ಕೆ ಸುರಿದು ಕೊಟ್ಟಿದ್ದರಂತೆ. ಹೆಸರಿಲ್ಲ, ಲೇಬಲ್ ಇಲ್ಲ. ಕಣ್ಣಿನ ಪಾಪೆ ತುಂಬಾ ಚಿಕ್ಕದಾಗಿದ್ದು ನೋಡಿ ಆರ್ಗನೋಫಾಸ್ಫೇಟ್ ಅನ್ನೋ ಗುಂಪಿನ ಕೀಟನಾಶಕ ಇರಬೇಕು ಅಂತ ಡಾಕ್ಟರ್ ಅಂದಾಜು ಮಾಡಿದರು, ಅದಕ್ಕೆ ಪ್ರತಿವಿಷವಾದ ಅಟ್ರೋಪಿನ್ ಕೊಟ್ಟರು. ಅಮ್ಮ ಉಳಿದರು.

ಎಲ್ಲ ವಿಷಕ್ಕೂ ಹೀಗೆ ಮದ್ದು ಇರುವುದಿಲ್ಲ. ಪ್ಯಾರಾಕ್ವಾಟ್ ಅನ್ನೋ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಅಂಥದ್ದು ನೀರಿನ ಬಾಟಲಿಯಲ್ಲಿದ್ದು, ಮಗುವಿನ ಕೈಗೆ ಸಿಕ್ಕರೆ? ತಿನ್ನುವ, ಕುಡಿಯುವ ಪದಾರ್ಥದ ಡಬ್ಬಿಗಳಿಗೆ ಕೀಟನಾಶಕ ಸುರಿಯುವುದನ್ನು ಸರ್ಕಾರಗಳು ನಿಷೇಧಿಸಬೇಕು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೀಟನಾಶಕ ಕುರಿತ ನೀತಿ ಸಂಹಿತೆ ಹೇಳುತ್ತದೆ. ಆ ಸಂಹಿತೆ ಮೊದಲು ಬಂದದ್ದು 1985ರಲ್ಲಿ. ಇಷ್ಟು ವರ್ಷವಾದರೂ ಹೀಗೇ ಮಾರುತ್ತಾರೆ ಅಂದ್ರೆ ಸಿಟ್ಟು ಬರುತ್ತೆ ಅಲ್ವಾ?

ಹೊಡೆದ ಮೇಲೆ ಎಷ್ಟು ಹೊತ್ತು ಹೊಲಕ್ಕೆ ಕಾಲಿಡಬಾರದು, ಕೊಯ್ಲಿಗೆ ಎಷ್ಟು ದಿನ ಕಾಯಬೇಕು, ವಿಷ ಏರಿದರೆ ಏನು ಚಿಕಿತ್ಸೆ, ಇದೆಲ್ಲ ಲೇಬಲ್ ಮೇಲೇ ಇರಬೇಕಾದದ್ದು. ಬಣ್ಣದ ಗುರುತಲ್ಲಿ ಕೆಂಪು ಇದ್ದರೆ ಅತಿ ಹೆಚ್ಚು ವಿಷ ಅಂತ ಅರ್ಥ. ಆ ದಿನ ಬಿಡಿಸಿದ ಕಾಯಿ ಸಂಜೆಯೇ ಮಾರಾಟಕ್ಕೆ ಹೋಯಿತು. ಯಾರ ಮನೆ ಸೇರಿತೋ.

ಕೆಲಸಕ್ಕೆ ಇಳಿಯುವ ಮೊದಲು ಕೇಳಿ: ಏನು ಹೊಡೆದಿದ್ದೀರಿ, ಯಾವಾಗ ಹೊಡೆದಿರಿ? ಡಬ್ಬಿ ತೋರಿಸಲು ಹೇಳಿ, ಲೇಬಲಿನ ಫೋಟೋ ತೆಗೆದುಕೊಳ್ಳಿ. ಕೇಳಿದರೆ ಕೂಲಿ ತಪ್ಪುತ್ತೆ ಅನ್ನೋ ಭಯ ನಮ್ಮ ಮನೆಯಲ್ಲೂ ಇತ್ತು. ಅದಕ್ಕೇ ಒಬ್ಬೊಬ್ಬರೇ ಕೇಳಬೇಡಿ, ಗುಂಪಾಗಿ ಕೇಳಿ. ತೋರಿಸದಿದ್ದರೆ ಇಳಿಯಬೇಡಿ.

ಯಾರಿಗಾದರೂ ವಿಷ ಏರಿದ ಹಾಗೆ ಕಂಡರೆ ಮೊದಲು ಹೊಲದಿಂದ ಹೊರಗೆ ಕರೆತನ್ನಿ. ಬಟ್ಟೆ ತೆಗೆಸಿ, ಸೋಪು ಹಾಕಿ ಜಾಸ್ತಿ ನೀರಲ್ಲಿ ಮೈ ತೊಳೆಯಿರಿ. ನೀವಾಗಿಯೇ ವಾಂತಿ ಮಾಡಿಸಲು ಹೋಗಬೇಡಿ. ತಡಮಾಡದೆ ಆಸ್ಪತ್ರೆಗೆ ಹೊರಡಿ, ಆ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.